ಚಿರತೆಯ ಎದುರು ನಾನು ನಿಂತ ಪುಸ್ತಕ

ನಿನ್ನೆ ಸಂಜೆ ಮಗಳು ಪದ್ಮಿ ಬೀರು ತೆಗೆದಾಗ ಹಳೇ ಗೋಂದಿನ ವಾಸನೆ ನಡುಮನೆವರೆಗೂ ಬಂತು. ಓದುತ್ತಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಚಿರತೆ ಪುಸ್ತಕ ಹೊರಗೆ ಬಂದಿತ್ತು.

ನಾನು ಸುಲಭಕ್ಕೆ ಹೆದರುವ ಆಸಾಮಿಯಲ್ಲ. ನನ್ನ ಕೈಲಿ ಒಮ್ಮೆಯಾದರೂ ಏಮಾರದ ಬೆಲ್ಲದ ವ್ಯಾಪಾರಿಯನ್ನು ಇಡೀ ಮಂಡಿ ಮೊಹಲ್ಲಾದಲ್ಲಿ ಹುಡುಕಿ ತೋರಿಸಿ, ನೋಡೋಣ. ಅಂಥ ನಾನು ಸಿಕ್ಕಿಬಿದ್ದದ್ದು ಈ ಒಂದು ಪುಸ್ತಕದ ಹತ್ತಿರ.

ಚಿಕ್ಕಂದಿನಲ್ಲಿ ನಾನು ಅದನ್ನು ಓದಿ ಓದಿ ಅದರ ಬೆನ್ನು ಕಿತ್ತುಬಂದಿತ್ತು. ಗೋಂದು ಹಚ್ಚಿದವನೂ ನಾನೇ. ವಿಜಯ ಎಂಬ ಹುಡುಗ ಬರೀ ಒಂದು ಕೊಡೆ ಹಿಡಿದು ಚಿರತೆಯನ್ನು ಓಡಿಸುವ ಕಥೆ. ಪದ್ಮಿಗೆ ಇನ್ನೂ ಅಕ್ಷರ ಬಾರದಿದ್ದಾಗ, ಅವಳಿಗೆ ಓದಿ ಹೇಳಲು ಕೂತೆ. ‘ವಿಜಯ’ ಎಂದಿದ್ದ ಕಡೆಯಲ್ಲೆಲ್ಲ ‘ನಿಮ್ಮಪ್ಪ’ ಎಂದು ಓದಿದೆ. ಸಣ್ಣ ತಿದ್ದುಪಡಿ, ಅಷ್ಟೆ.

ಮಾರನೇ ಬೆಳಿಗ್ಗೆ ಕೆಸರೆಯಿಂದ ಬರುವ ಹಾಲಿನವನಿಗೆ ಅವಳು, “ನಮ್ಮಪ್ಪ ಚಿರತೆ ಓಡ್ಸವ್ರೆ. ಪುಸ್ತಕದಲ್ಲಿ ಹಾಕವ್ರೆ” ಎಂದಳು. ಅವತ್ತಿನಿಂದ ನಮ್ಮ ಮನೆ ಹಾಲು ಗಟ್ಟಿಯಾಯಿತು ಎಂದರೆ ನೀವು ನಂಬುವುದಿಲ್ಲ, ಬಿಡಿ.

ನನ್ನ ಹೆಂಡತಿಯೂ ನಂಬಲಿಲ್ಲ. “ಹಲ್ಲಿ ಕಂಡ್ರೆ ಮಂಚ ಹತ್ತೋರು ನೀವು! ನಾಳೆ ಮಗು ಓದೋದು ಕಲೀತದೆ ಕಣ್ರೀ, ಆಗ ಮುಖ ಎಲ್ಲಿಟ್ಕೊತೀರಾ?”

“ಆವಾಗ ನೋಡ್ಕೊಳ್ಳೋಣ ಬುಡೇ” ಎಂದೆ. ಆದರೆ ಪದ್ಮಿ ಸ್ಕೂಲಿಗೆ ಸೇರಿದ ದಿನವೇ ಪುಸ್ತಕ ಅಟ್ಟ ಸೇರಿತು. ಆ ಮಗು ನನ್ನನ್ನು ನೋಡುತ್ತಿದ್ದ ಹಾಗೆ ಭೂಮಿ ಮೇಲೆ ಇನ್ನಾರೂ ನನ್ನನ್ನು ನೋಡಿದವರಲ್ಲ. ಅದು ಕೈತಪ್ಪಬಾರದಿತ್ತು.

ಅವಳು ಎರಡನೇ ಕ್ಲಾಸಿಗೆ ಬಂದ ವರ್ಷ ಹಬ್ಬಕ್ಕೆ ಅಟ್ಟ ಗುಡಿಸುವಾಗ ಪುಸ್ತಕ ಅವಳ ಕೈಗೇ ಸಿಕ್ಕಿತು. “ಇವತ್ತು ನಾನು ಓದ್ತೀನಿ, ನೀವು ಕೇಳಿ” ಎಂದು ಎದುರಿಗೆ ಕೂತಳು.

ಬೆರಳು ‘ವಿಜಯ’ನ ಕೆಳಗೆ ನಿಂತಿತು. ಬಾಯಿ ‘ನಮ್ಮಪ್ಪ’ ಎಂದಿತು. ನನಗೆ ಹೋದ ಜೀವ ಬಂತು. ಹಾಳೆ ತಿರುಗಿತು.

“ಚಿರತೆ ಗುರ್ ಅಂತು. ನಮ್ಮಪ್ಪ ಕೊಡೆ ಬಿಸಾಕಿ ಅಕ್ಕಿ ಡ್ರಮ್ಮಿನೊಳಗೆ ಕೂತ್ಕೊಂಡ್ಬುಟ್ರು.”

“ಏಯ್, ಅಂಗೆಲ್ಲಮ್ಮ ಐತೆ?”

“ಇಲ್ಲೇ ಐತಲ್ಲಪ್ಪ, ನೋಡಿ. ಆಮೇಲೆ ಅಮ್ಮ ಬಂದು ಪೊರಕೇಲಿ ಚಿರತೆ ಓಡಿಸಿದ್ರು.”

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದು ಸುಳ್ಳು ಹೇಳುವಾಗಿನ ನನ್ನ ಮುಖ, ನನ್ನಿಂದಲೇ ಅವಳಿಗೆ ಹೋದದ್ದು. ವಿಜಯ ಡ್ರಮ್ಮಿನಲ್ಲಿ ಕೂರಲಿಲ್ಲ ಎನ್ನಬೇಕಾದರೆ ವಿಜಯ ಯಾರೆಂದು ಮೊದಲು ನಾನೇ ಹೇಳಬೇಕಿತ್ತು.

ಒಳಗಿನಿಂದ ಹೆಂಡತಿ, “ಮಗು ಎಷ್ಟು ಚೆನ್ನಾಗಿ ಓದ್ತಾಳೆ!” ಎಂದಳು.

ಪದ್ಮಿ ಪುಸ್ತಕ ಮುಚ್ಚಿ ಕೇಳಿದಳು: “ಆಮೇಲೆ ಡ್ರಮ್ಮಿಂದ ಹೊರಗೆ ಬಂದ್ರಾಪ್ಪ?”

“ಬಂದೆ.”

“ಸದ್ಯ” ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಅವತ್ತಿನಿಂದ ಪುಸ್ತಕ ಬೀರು ಸೇರಿತು. ಈಗ ಅವಳು ಪಿಯುಸಿ. ನಿನ್ನೆ ಬೀರು ತೆಗೆದದ್ದು ತಡವಾಗಿ ಹುಟ್ಟಿದ ತಮ್ಮನಿಗೆ ಓದಿ ಹೇಳಲು. ಅವನಿಗಿನ್ನೂ ಅಕ್ಷರ ಬಾರದು. ಕೋಣೆಯಿಂದ ನಗು ಕೇಳಿಸಿತು. ಕೊಂಚ ಹೊತ್ತಿಗೆ ಅವನು ಬಂದು ನನ್ನ ಮಂಡಿ ತಟ್ಟಿ, “ಹೆದರ್ಕೋಬೇಡಿ ಅಪ್ಪ, ನಾನಿದೀನಿ” ಎಂದು ಹೋದ.

ಇಬ್ಬರೂ ಊಟಕ್ಕೆ ಹೋದ ಮೇಲೆ ಆ ಪುಟ ತೆಗೆದು ನೋಡಿದೆ. ಹುಡುಗ ಹೆಜ್ಜೆ ಕದಲಿಸದೆ ಚಿರತೆಯ ಎದುರು ನಿಂತ ಎಂದಿದೆ. ಎಷ್ಟು ಯೋಚಿಸಿದರೂ ನಾನು ನಿಂತ ನೆನಪಾಗಲಿಲ್ಲ. ಅಚ್ಚಿನ ತಪ್ಪಿರಬೇಕು.