ಮೇಜಿನ ಮೇಲಿನ ಲೇತು, ಎರಡನೇ ವರ್ಷದ ಬ್ಯಾಚು

ನಮ್ಮ ವರ್ಕ್‌ಶಾಪಿನಲ್ಲಿ ಶೂ ಹಾಕದವನಿಗೆ ಪ್ರವೇಶವಿರಲಿಲ್ಲ. ಅದು ನಾನು ಮಾಡಿದ ನಿಯಮ. ಬದನವಾಳಿನಿಂದ ರೈಲಿನಲ್ಲಿ ಬರುವವನಾಗಲಿ, ಹೆಮ್ಮರಗಾಲದಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬರುವವನಾಗಲಿ, ಬೆಳಿಗ್ಗೆ ಎಂಟಕ್ಕೆ ಶೂ ಹಾಕಿ, ಅಂಗಿಯ ತೋಳು ಮಡಚಿ, ಕಬ್ಬಿಣ ಕಡೆಯುವ ಲೇತಿನ ಮುಂದೆ ಸಾಲಾಗಿ ನಿಲ್ಲಬೇಕು. ತಡವಾದವನು ಆ ದಿನ ಕಸ ಗುಡಿಸಬೇಕು. ನಂಜನಗೂಡಿನ ಆ ಖಾಸಗಿ ತರಬೇತಿ ಶಾಲೆಯ ಟರ್ನರ್ ವಿಭಾಗ ತೊಂಬತ್ತರ ದಶಕವಿಡೀ ಹೀಗೆಯೇ ನಡೆಯಿತು. ನಡೆಸಿದವನು ನಾನು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಆ ಯಂತ್ರ ಬಂತು. ಕಂಪ್ಯೂಟರಿನಿಂದ ನಡೆಯುವ ಸಣ್ಣ ಲೇತು. ಸಣ್ಣದೆಂದರೆ ಮೇಜಿನ ಮೇಲೆ ಕೂರುವಷ್ಟು. ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮುಂದುಗಡೆ ಗಾಜಿನಂಥ ಮುಚ್ಚಳ, ಪಕ್ಕದಲ್ಲಿ ಕಂಪ್ಯೂಟರು. ಅಳತೆ ಟೈಪ್ ಮಾಡಿ ಗುಂಡಿ ಒತ್ತಿದರೆ ಟೂಲು ತಾನಾಗಿ ಹೋಗಿ ಸರಳನ್ನು ಕೊರೆದು ತಾನಾಗಿ ಹಿಂದೆ ಬರುತ್ತಿತ್ತು. ಅದಕ್ಕೆ ಧೂಳು ತಾಗಬಾರದೆಂದು ಪ್ರಿನ್ಸಿಪಾಲರು ಸ್ಟೋರ್ ರೂಮು ಖಾಲಿ ಮಾಡಿಸಿದರು, ಸುಣ್ಣ ಹೊಡೆಸಿದರು, ಕಿಟಕಿಗೆ ಪರದೆ ಕಟ್ಟಿಸಿದರು. ನನ್ನ ದೊಡ್ಡ ಲೇತುಗಳ ಮೇಲಿನ ಶೀಟು ಸೋರುತ್ತಿದೆಯೆಂದು ನಾನು ಹೇಳಲು ಶುರುಮಾಡಿ ಎಷ್ಟೋ ಮಳೆಗಾಲಗಳಾಗಿದ್ದವು.

ಯಂತ್ರ ನಡೆಸುವುದನ್ನು ಕಲಿಯಲು ಒಬ್ಬರನ್ನು ಮೈಸೂರಿಗೆ ಕಳಿಸಬೇಕಿತ್ತು. ಹಿರಿಯನು ನಾನು. ಕೇಳುವ ಮಾತೇ ಇಲ್ಲವೆಂದುಕೊಂಡು ಅಂಗಿಗಳನ್ನು ಇಸ್ತ್ರಿಗೂ ಕೊಟ್ಟಿದ್ದೆ. ಪ್ರಿನ್ಸಿಪಾಲರು ಕಿರಿಯ ಇನ್‌ಸ್ಟ್ರಕ್ಟರನ್ನು ಕಳಿಸಿದರು. ಮೂಗೂರಿನ ಹುಡುಗಿ. ನಮ್ಮ ಟರ್ನರ್ ವಿಭಾಗಕ್ಕೆ ಸೇರಿದ ಮೊದಲ ಹೆಣ್ಣುಮಗಳು. ಟೂಲು ಹಿಡಿಯುವುದನ್ನು ನನ್ನಿಂದಲೇ ಕಲಿತವಳು. ಆಮೇಲೆ ಡಿಪ್ಲೊಮಾ ಮುಗಿಸಿಕೊಂಡು ನಮ್ಮಲ್ಲಿಗೇ ಕೆಲಸಕ್ಕೆ ಬಂದಿದ್ದಳು. ದಿನಾ ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಬರುತ್ತಿದ್ದಳು.

“ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ,” ಎಂದರು ಪ್ರಿನ್ಸಿಪಾಲರು. “ನಿಮಗೆ ರಿಟೈರ್‌ಮೆಂಟ್ ಹತ್ತಿರ ಬಂತು. ಕಲಿತವರು ನಾಲ್ಕು ಕಾಲ ಇಲ್ಲಿರಬೇಕಲ್ಲ.”

ಅಷ್ಟಕ್ಕೇ ನಿಲ್ಲಲಿಲ್ಲ. ಇಲಾಖೆಯವರು ತಪಾಸಣೆಗೆ ಬಂದು ಹೋದ ಮೇಲೆ ಯಂತ್ರ ಯಾರ ವಶಕ್ಕೆಂದು ಗಟ್ಟಿ ಮಾಡುತ್ತೇನೆ, ಯಂತ್ರ ಯಾರಿಗೋ ಎರಡನೇ ವರ್ಷದ ಬ್ಯಾಚೂ ಅವರಿಗೇ ಎಂದರು. ಎರಡನೇ ವರ್ಷದ ಬ್ಯಾಚು ಯಾವಾಗಲೂ ನನ್ನದು. ಮೊದಲ ವರ್ಷದವರು ಅರ ತಿಕ್ಕುತ್ತಾರೆ, ಅಂಗೈ ಬೊಬ್ಬೆ ತೋರಿಸುತ್ತಾರೆ. ಎರಡನೇ ವರ್ಷದವರು ಕೆಲಸಗಾರರಾಗುತ್ತಾರೆ. ಮನುಷ್ಯ ಮೇಷ್ಟ್ರಾಗುವುದು ಅಂಥವರಿಗಾಗಿ.

ಅವಳು ಕಲಿತು ಬಂದಳು. ಮಾರನೆಯ ವಾರದಿಂದ ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ನನ್ನ ಹುಡುಗರು ಆ ಕೋಣೆಯ ಹೊಸಿಲ ಹೊರಗೆ ಶೂ ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರು. ಬಿಚ್ಚಿರೆಂದು ಯಾರೂ ಹೇಳಿರಲಿಲ್ಲ. ಎಂಟು ಗಂಟೆಯ ಬೆಲ್ಲಿಗೂ ಮುಂಚೆಯೇ ಬಂದಿರುತ್ತಿದ್ದರು. ಬನ್ನಿರೆಂದೂ ಯಾರೂ ಹೇಳಿರಲಿಲ್ಲ. “ಲೇ, ಬೇಗ ಬಾರ್ಲಾ, ಮೇಡಮ್ಮು ಸ್ವಿಚ್ ಹಾಕ್ಬುಟ್ರು!” ಎಂದು ಒಬ್ಬ ಕೂಗಿದರೆ ಉಳಿದವರು ಓಡುತ್ತಿದ್ದರು. ನನ್ನ ದೊಡ್ಡ ಲೇತಿನ ಕಡೆಗೆ ಯಾವನೂ ಓಡಿದ್ದು ನನಗೆ ನೆನಪಿಲ್ಲ.

ನಮ್ಮ ಅಟೆಂಡರಿಗೆ ಇದು ದೊಡ್ಡ ತಮಾಷೆ. “ಏನ್ಸಾ, ದೇವಸ್ಥಾನದ ಮುಂದೆ ಬುಟ್ಟಂಗೆ ಶೂ ಬುಟ್ಟವ್ರಲ್ಲಾ! ಮಂಗಳಾರ್ತಿ ಎಷ್ಟೊತ್ಗೆ?”

“ಹೋಗಿ ಕೆಲಸ ನೋಡಯ್ಯ.”

“ನಿಮ್ಗೂ ಒಸಿ ತೀರ್ಥ ತಂದ್ಕೊಡ್ಲಾ ಸಾ?”

ಬೈಗುಳ, ಕಸಬರಿಗೆ, ಹಾಜರಿಗಳಿಂದ ನಾನು ಒಂದು ಆಯುಷ್ಯ ಹೆಣಗಿ ತಂದ ಶಿಸ್ತನ್ನು ಅವಳು ದನಿ ಏರಿಸದೆ ಪಡೆದಿದ್ದಳು. ಅದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಹೊಟ್ಟೆಯುರಿ ಎಂಬ ಮಾತಿಗೆ ಮೈಯಲ್ಲಿ ನಿಜವಾಗಿಯೂ ಜಾಗವಿದೆಯೆಂದು ಆಗ ಗೊತ್ತಾಯಿತು. ಎದೆಗೂಡಿನ ಕೆಳಗೆ, ತುಸು ಎಡಕ್ಕೆ. ಮನೆಯಲ್ಲಿ ಮೆಂತ್ಯ ಕದಡಿದ ಮಜ್ಜಿಗೆ ಕೊಟ್ಟರು. ಕುಡಿದೆ. ಉರಿ ಹೋಗಲಿಲ್ಲ.

ಸುಮ್ಮನಿರುವ ಜಾಯಮಾನ ನನ್ನದಲ್ಲ. ಊಟದ ಬಿಡುವಿನಲ್ಲಿ ಎಲ್ಲರೂ ಮರದಡಿ ಡಬ್ಬಿ ಬಿಚ್ಚಿದಾಗ ನಾನು ಆ ಕೋಣೆಗೆ ಹೋಗಿ ಯಂತ್ರ ನಡೆಸುವ ಕ್ರಮ ಬರೆದು ಅವಳು ಗೋಡೆಗೆ ಅಂಟಿಸಿದ್ದ ಚಾರ್ಟು ಓದುತ್ತಿದ್ದೆ. ಒಮ್ಮೆ ಅವಳು ಬಾಗಿಲಲ್ಲಿ ನಿಂತು, “ಸಾರ್, ಒಂದ್ಸಲ ನಡೆಸಿ ತೋರಿಸ್ಲಾ?” ಎಂದಳು.

“ಬೇಡಮ್ಮ. ನೋಡಿದೀನಿ.”

ತಪಾಸಣೆಯ ದಿನ ಬಂತು. ಇಲಾಖೆಯಿಂದ ಇಬ್ಬರು ಅಧಿಕಾರಿಗಳು ಹೇಳಿದ ಹೊತ್ತಿಗೇ ಬಂದರು. ಅವಳು ಬರಲಿಲ್ಲ. ನರಸೀಪುರದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನು ಬಂತು. ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದು, “ನೀವು ನಡೆಸ್ತೀರಾ ಮೇಷ್ಟ್ರೇ?” ಎಂದರು.

“ಅದಕ್ಕೇನಂತೆ,” ಎಂದೆ. ಆ ಬಸ್ಸಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಇಪ್ಪತ್ತು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಸರಳನ್ನು ಹದಿನಾರಕ್ಕೆ ಇಳಿಸಿ ತೋರಿಸಿ ಎಂದರು ಅಧಿಕಾರಿಗಳು. ಅಂದರೆ ನಾಲ್ಕು ತೆಗೆಯಬೇಕು. ಕೈಯಿಂದ ನಡೆಸುವ ನಮ್ಮ ಲೇತುಗಳಲ್ಲಿ ನಾಲ್ಕು ಇಳಿಯಬೇಕಾದರೆ ಟೂಲನ್ನು ಎರಡು ಮಾತ್ರ ಒಳಗೆ ತಳ್ಳಬೇಕು. ಸರಳು ತಿರುಗುತ್ತಲೇ ಇರುವುದರಿಂದ ಟೂಲು ಒಂದು ಬದಿಯಲ್ಲಿ ಎರಡು ಕೊರೆದರೆ ಎದುರು ಬದಿಯಲ್ಲೂ ಎರಡು ಹೋಗುತ್ತದೆ. “ಬೇಕಾದ್ದರಲ್ಲಿ ಅರ್ಧ ತಿರುಗಿಸು” ಎನ್ನುವುದು ನಾನು ಪ್ರತಿ ಬ್ಯಾಚಿಗೂ ಮೊದಲ ದಿನವೇ ಬಾಯಿಪಾಠ ಮಾಡಿಸುತ್ತಿದ್ದ ಮಾತು. ಈ ಕಂಪ್ಯೂಟರ್ ಲೇತಿಗೆ ಹಾಗಲ್ಲ. ನಾಲ್ಕು ಬೇಕಾದರೆ ನಾಲ್ಕೆಂದೇ ಹೇಳಬೇಕು, ಅರ್ಧ ಮಾಡಿಕೊಳ್ಳುವ ಕೆಲಸ ಅದರದ್ದು. ಚಾರ್ಟಿನಲ್ಲಿ ಅದೂ ಬರೆದಿತ್ತು. ಓದಿದ್ದೆ ಕೂಡ. ಆದರೆ ಬೆರಳು ಚಾರ್ಟು ಓದಿರಲಿಲ್ಲ. ಅದು ಎರಡು ಒತ್ತಿತು.

ಟೂಲು ಹೋಯಿತು, ಬೆಳ್ಳಿ ದಾರದಂಥ ಸುರುಳಿ ಬಿತ್ತು, ಯಂತ್ರ ನಿಂತಿತು. ಹುಡುಗರು ಕತ್ತು ಚಾಚಿ ನೋಡುತ್ತಿದ್ದರು. ಮುಚ್ಚಳ ತೆರೆದು ಅಧಿಕಾರಿ ವರ್ನಿಯರ್ ಹಿಡಿದು ಸರಳಿನ ದಪ್ಪ ಅಳೆದರು.

“ಹದಿನೆಂಟು ಬಂದಿದೆಯಲ್ರೀ!”

ನನಗೆ ಆಗಲೂ ಹೊಳೆಯಲಿಲ್ಲ. ಯಂತ್ರದಲ್ಲೇ ಏನೋ ದೋಷವಿರಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಬಂದಳು. ಮುಖದ ಮೇಲೆ ರಸ್ತೆಯ ಧೂಳು, ಹೆಗಲಲ್ಲಿ ಬ್ಯಾಗು ಹಾಗೇ ಇತ್ತು. ಸರಳು ನೋಡಿದಳು, ಕಂಪ್ಯೂಟರ್ ನೋಡಿದಳು. ನನ್ನನ್ನು ನೋಡಲಿಲ್ಲ.

“ನಮಸ್ಕಾರ ಸರ್. ಮೇಷ್ಟ್ರು ಮೊದಲನೇ ಕಟ್ ಮುಗಿಸಿದ್ದಾರೆ. ಕೊನೇ ಕಟ್ ನಾನು ತೋರಿಸ್ತೀನಿ,” ಎಂದು ಕುಳಿತು, ತಾನೂ ಎರಡು ಒತ್ತಿದಳು. ನನ್ನ ಬೆರಳು ಮಾಡಿದ್ದೇನೆಂದು ನನಗೆ ಆಗ ಹೊಳೆಯಿತು. ಹದಿನೆಂಟು ಹದಿನಾರಾಯಿತು. ಅಧಿಕಾರಿ ಅಳೆದು ತಲೆಯಾಡಿಸಿದರು. “ಇಬ್ಬರೂ ಸೇರಿ ಚೆನ್ನಾಗಿ ನಡೆಸ್ತೀರಿ” ಎಂದರು.

ಅವರನ್ನು ಕಾರು ಹತ್ತಿಸಿ ಬಂದ ಮೇಲೆ ಪ್ರಿನ್ಸಿಪಾಲರು ನನ್ನ ಹತ್ತಿರ ನಿಂತರು. ಅವರೂ ಹಿಂದೊಮ್ಮೆ ಲೇತು ನಡೆಸಿದವರೇ, ಹದಿನೆಂಟು ಯಾಕೆ ಬಂತೆಂದು ಅವರಿಗೆ ಗೊತ್ತಿತ್ತು. “ಎರಡನೇ ವರ್ಷ ಅವಳಿಗೇ ಇರಲಿ ಅಲ್ವಾ ಮೇಷ್ಟ್ರೇ?” ಎಂದರು. ನಾನು, “ಇರಲಿ” ಎಂದೆ.

ಸಂಜೆ ಗೇಟಿನ ಎದುರಿನ ಅಂಗಡಿಯಲ್ಲಿ ಅವಳೇ ಎರಡು ಟೀ ಹೇಳಿದಳು. ನಾನು ಕೇಳಿಬಿಟ್ಟೆ: “ಎರಡು ಒತ್ತಿದ್ದೀನಿ ಅಂತ ಅಷ್ಟು ಬೇಗ ಹೇಗೆ ಗೊತ್ತಾಯ್ತಮ್ಮ?”

ಅವಳು ನಕ್ಕಳು. “ಮೈಸೂರಲ್ಲಿ ಮೊದಲನೇ ದಿನ ನಾನೂ ಅರ್ಧನೇ ಒತ್ತಿದ್ದು ಸಾರ್. ‘ಯಾರಮ್ಮ ನಿನಗೆ ಕಲಿಸ್ದೋರು’ ಅಂತ ಕ್ಲಾಸೆಲ್ಲಾ ನಕ್ಬುಟ್ರು.”

“ಏನಂದೆ?”

“ನಿಮ್ಮ ಹೆಸರೇ ಹೇಳ್ದೆ, ಇನ್ನೇನ್ ಹೇಳ್ಲಿ!”

ಸಂತೋಷಪಡಬೇಕಾದ ಮಾತೇ ಅದು. ಟೀ ಮುಗಿಸಿ, ಅವಳನ್ನು ನರಸೀಪುರದ ಬಸ್ಸು ಹತ್ತಿಸಿ, ಮನೆಯ ಕಡೆ ನಡೆಯುತ್ತಾ ಸಂತೋಷಪಡಲು ನೋಡಿದೆ. ಆದರೆ ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಆ ತಪ್ಪನ್ನು ಅವಳು ಗುರುತಿಲ್ಲದವರ ನಡುವೆ, ಮೊದಲನೇ ದಿನವೇ ಮಾಡಿ ಮುಗಿಸಿದ್ದಳು. ನಕ್ಕವರ ಜೊತೆ ತಾನೂ ನಕ್ಕು ಮುಂದಿನ ಪಾಠಕ್ಕೆ ಹೋಗಿದ್ದಳು. ಅಂಥ ಒಂದು ಮೊದಲನೇ ದಿನ ನನಗೂ ಸಿಗಬೇಕಿತ್ತು. ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.