ಆರು ಗಂಟೆಯವರೆಗೆ ಮೆಟ್ಟಿಲ ಮೇಲೆ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಲ್ಲಕ್ಕ ಎಂದು. ಪೇಟೆಯ ಮೂವರು ದಂತವೈದ್ಯರು ಹಲ್ಲಿಲ್ಲದವರ ಬಾಯಿಯ ಅಚ್ಚು ತೆಗೆದು ಅವಳಿಗೆ ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರ್ ಕಲಸಿ ಹುಯ್ದು, ಒಣಗಿಸಿ, ಅದರ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುತ್ತಿದ್ದಳು. ಈ ವಿದ್ಯೆ ಮಾವನಿಂದ ಬಂದದ್ದು. ಮಾವ ತೀರಿಕೊಂಡ ಮೇಲೆ ಅವರ ಮೇಜು, ಸ್ಪಿರಿಟ್ ದೀಪ, ಸಣ್ಣ ಚೂರಿಗಳು, ಗಿರಾಕಿಗಳು ಎಲ್ಲವೂ ಸೊಸೆಯ ಪಾಲಾದವು. ಮಾವನ ಮಗನಿಗೆ, ಅಂದರೆ ಅವಳ ಗಂಡನಿಗೆ, ಚಿಕ್ಕಂದಿನಿಂದಲೂ ಆ ಹಲ್ಲುಗಳನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಅವನು ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರಾದ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ಹಲ್ಲಕ್ಕನ ಕೈ ಒಳ್ಳೆಯದು ಎಂದು ಹೆಸರಾಗಿತ್ತು. 'ನನ್ನ ಹಲ್ಲು ಕಡಿಯತ್ತೆ, ಅಗಿಯತ್ತೆ. ನಗೋದು ಮಾತ್ರ ನಿಮ್ಮ ಕೈಲಿದೆ' ಎಂದು ಅವಳು ಮುದುಕರಿಗೆ ತಮಾಷೆ ಮಾಡುತ್ತಿದ್ದಳು. ಆದರೆ ಅದು ಉಸಿರು ಬಿಗಿಹಿಡಿದು ಮಾಡುವ ಕೆಲಸ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರ ಒಸಡು ಹುಣ್ಣಾಗುತ್ತದೆ. ಕೆಲಸದ ಕೋಣೆ ಮನೆಯ ಮುಂದಿನ ಕೋಣೆಯೇ. ಅದರ ಹಿಂದೆ ಅಡುಗೆಮನೆ, ಮಲಗುವ ಕೋಣೆ. ಇಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ಚಿಕ್ಕವಳಿಗೆ ಆರು.

ಆ ವರ್ಷ ಶಾಲೆಗೆ ಎರಡು ತಿಂಗಳು ರಜೆ ಬಂತು. ಮೊದಲ ವಾರ ಹಬ್ಬದ ಹಾಗಿತ್ತು. ಹಲ್ಲಕ್ಕ ಮಕ್ಕಳನ್ನು ಕೆಲಸದ ಕೋಣೆಗೆ ಕರೆದು ಮೇಣದ ಚೂರು ಕೊಟ್ಟಳು. ಚಿಕ್ಕವಳು ಅದರಲ್ಲಿ ಆನೆ ಮಾಡಿದಳು. ಎರಡನೆಯ ವಾರಕ್ಕೆ ಪ್ಲಾಸ್ಟರ್ ಚೀಲಕ್ಕೆ ನೀರು ಬಿತ್ತು. ಮೂರನೆಯ ವಾರಕ್ಕೆ ಕೋಣೆಗೆ ಬರಕೂಡದು ಎಂದಾಯಿತು. ಆಮೇಲೆ ಬಾಗಿಲಾಚೆಯಿಂದ ಐದು ನಿಮಿಷಕ್ಕೊಮ್ಮೆ 'ಅಮ್ಮಾ' ಎಂಬ ಕೂಗು. ಅಕ್ಕ ಹೊಡೆದಳು, ತಂಗಿ ಚಿವುಟಿದಳು, ಹಸಿವು, ಬೇಜಾರು. ಅಕ್ಕಪಕ್ಕದ ಮನೆಗಳವರಿಗೆ ಅವರವರ ಮಕ್ಕಳೇ ಸಾಕಾಗಿದ್ದರು. ಕೆಲಸ ಬೆಟ್ಟದ ಹಾಗೆ ಬೆಳೆಯಿತು. ಡಾಕ್ಟರುಗಳ ಫೋನು ಬಂದಾಗಲೆಲ್ಲ 'ನಾಳೆ, ನಾಳೆ' ಎಂದು ಹೇಳಿ ಅವಳ ನಾಲಿಗೆ ಸವೆಯಿತು.

ಶಾಲೆ ತೆರೆಯಲು ಮೂರು ದಿನ ಇರುವಾಗ, ಒಬ್ಬ ನಿವೃತ್ತ ಮೇಷ್ಟರಿಗಾಗಿ ಪಾಲಿಶ್ ಮಾಡಿ ಇಟ್ಟಿದ್ದ ಸೆಟ್ಟನ್ನು ಚಿಕ್ಕವಳು ಬಾಯಿಗೆ ತುರುಕಿಕೊಂಡು ಕನ್ನಡಿ ನೋಡಲು ಹೋಗಿ ಕೆಡವಿದಳು. ಅದು ಎರಡು ಹೋಳಾಯಿತು. ಹಲ್ಲಕ್ಕ ಅವಳ ಬೆನ್ನಿಗೆ ಒಂದು ಬಾರಿಸಿದಳು. ಮತ್ತೆ ಕೈಯೆತ್ತಿದಾಗ ದೊಡ್ಡವಳು ನಡುವೆ ಬಂದು ನಿಂತಳು. ಆ ಪೆಟ್ಟು ಅವಳಿಗೆ ಬಿತ್ತು.

ಶಾಲೆ ತೆರೆದ ದಿನ ಗೇಟಿನ ಮುಂದೆ ತಾಯಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಮಗುವನ್ನು ಮೊದಲ ಸಲ ಬಿಟ್ಟ ಒಬ್ಬ ತಂದೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ್ದೇ ಒರೆಸಿದ್ದು. ಹಲ್ಲಕ್ಕ ಮಕ್ಕಳಿಗೆ ಕೈಬೀಸಿ, ತಾನೂ ಒಂದಿಷ್ಟು ಸಪ್ಪೆ ಮುಖ ಮಾಡಿಕೊಂಡು ತಿರುಗಿದಳು. ಬೀದಿಯ ತಿರುವು ದಾಟುತ್ತಲೇ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಮನೆಗೆ ಬಂದು ಬಾಗಿಲು ತೆರೆದಿಟ್ಟೇ ಪ್ಲಾಸ್ಟರ್ ಕಲಸಲು ಕೂತಳು. ಕೈ ಕೊಳೆಯಾಗಿತ್ತು, ತನ್ನ ತಂಗಿಯ ಫೋನು ಬಂದಾಗ ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ಏನಕ್ಕಾ, ಮಕ್ಕಳು ಹೋದ್ರಾ?"

"ಹೋದ್ವು ಕಣೇ! ಎರಡೂ ಪೀಡೆಗಳು ತೊಲಗಿದ್ವು. ಎರಡು ತಿಂಗಳು ಜೀವ ಹಿಂಡಿಬಿಟ್ವು. ಇವನ್ನ ಯಾಕಾದ್ರೂ ಹೆತ್ತೆನೋ ಅನ್ನಿಸಿಬಿಟ್ಟಿತ್ತು. ಈ ಶಾಲೆಯವರು ಸಂಜೆ ಆರರವರೆಗೆ ಇಟ್ಕೊಂಡ್ರೆ ಅವರ ಕಾಲಿಗೆ ಬೀಳ್ತೀನಿ ನೋಡು."

ತಂಗಿ ಬಿದ್ದು ಬಿದ್ದು ನಕ್ಕಳು. ಹಲ್ಲಕ್ಕನೂ ನಕ್ಕಳು. ತಲೆಯೆತ್ತಿದರೆ ಹೊಸ್ತಿಲಲ್ಲಿ ದೊಡ್ಡವಳು ನಿಂತಿದ್ದಳು.

"ಪೆನ್ಸಿಲ್ ಡಬ್ಬಿ ಮರೆತೆ" ಎಂದಳು ದೊಡ್ಡವಳು. ಶೆಲ್ಫಿನಿಂದ ಡಬ್ಬಿ ತೆಗೆದುಕೊಂಡಳು. ಗಂಟೆ ಹೊಡೆಯುವ ಹೊತ್ತಾಗಿದ್ದರೂ ಓಡಲಿಲ್ಲ. ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೋದಳು.

ಕೇಳಿಸಿರಲಾರದು ಎಂದುಕೊಂಡಳು ಹಲ್ಲಕ್ಕ. ಆಗಷ್ಟೇ ಬಂದಿರಬೇಕು. ಕೇಳಿಸಿದ್ದರೆ ಅತ್ತಾದರೂ ಅಳುತ್ತಿದ್ದಳು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಕೂತಿರುವಷ್ಟರಲ್ಲಿ ಬಟ್ಟಲಿನ ಪ್ಲಾಸ್ಟರ್ ಗಟ್ಟಿಯಾಗಿಹೋಯಿತು.

ಎರಡನೆಯ ದಿನ ದೊಡ್ಡವಳು ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದಳು: "ಅಮ್ಮ, ಈ ವರ್ಷ ಸಂಜೆ ಆಟದ ಕ್ಲಾಸ್ ಇಟ್ಟಿದಾರೆ. ಆರು ಗಂಟೆಗೆ ಬಿಡ್ತಾರೆ. ಇಬ್ಬರೂ ಸೇರ್ಕೊಳ್ಳಾ?"

"ಚಿಕ್ಕವಳನ್ನೂ ಸೇರಿಸ್ಕೋತಾರಾ?"

"ಹ್ಞೂಂ."

"ಹಾಗಾದ್ರೆ ಸೇರ್ಕೊಳ್ಳಿ, ಒಳ್ಳೇದಾಯ್ತು."

ಆರು ಗಂಟೆ ಎಂಬ ಮಾತು ಕಿವಿಗೆ ಬಿದ್ದಾಗ ಹಲ್ಲಕ್ಕನ ಎದೆಯಲ್ಲಿ ಏನೋ ಚುಚ್ಚಿತು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಶಾಲೆಯಿಂದ ಒಂದು ಚೀಟಿ ಬರಬೇಕಿತ್ತಲ್ಲ ಎಂದು ಕೇಳಬಹುದಿತ್ತು. ಆಡಿ ಬಂದ ಮಕ್ಕಳ ಬಟ್ಟೆ ಇಷ್ಟು ಶುಭ್ರವಾಗಿರುತ್ತದೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂದು ಮುಂದೆ ಅವಳು ತನ್ನನ್ನು ನೂರು ಸಲ ಕೇಳಿಕೊಂಡಿದ್ದಾಳೆ. ಪ್ರತಿ ಸಲವೂ ಉತ್ತರ ಒಂದೇ: ನಿಜ ತಿಳಿಯುವುದು ಅವಳಿಗೆ ಬೇಕಾಗಿರಲಿಲ್ಲ.

ಮೂರು ವಾರ ಕೆಲಸ ಹೂವೆತ್ತಿದ ಹಾಗೆ ಸಾಗಿತು. ಹಳೆಯ ಬಾಕಿಯೆಲ್ಲ ಮುಗಿಯಿತು. ಮಕ್ಕಳು ಆರೂಕಾಲಿಗೆ ಬಂದು ಕೈಕಾಲು ತೊಳೆದು, ಹಾಲು ಬ್ರೆಡ್ಡು ತಿಂದು, ಪುಸ್ತಕ ಹಿಡಿದು ಕೂರುತ್ತಿದ್ದರು. ಚಿಕ್ಕವಳು ಬಾಯಿ ತೆರೆದರೆ ದೊಡ್ಡವಳು ತುಟಿಯ ಮೇಲೆ ಬೆರಳಿಡುತ್ತಿದ್ದಳು. 'ನನ್ನ ಮಕ್ಕಳಿಗೆ ಈಗ ಬುದ್ಧಿ ಬಂದಿದೆ' ಎಂದು ಹಲ್ಲಕ್ಕ ಬೀದಿಯವರ ಮುಂದೆ ಕೊಚ್ಚಿಕೊಂಡಳು. ಹೌದು, ಕೊಚ್ಚಿಕೊಂಡಳು.

ಒಂದು ಮಧ್ಯಾಹ್ನ ಆ ಮೂವರಲ್ಲಿ ಒಬ್ಬರಾದ ದಂತವೈದ್ಯೆ ತಮ್ಮ ಕ್ಲಿನಿಕ್ಕಿಗೆ ಕರೆಸಿದರು. ಒಬ್ಬ ಮುದುಕಿಗೆ ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಹಾಕಿ ನೋಡಿದರೆ ಬಾಯಿ ಪೂರ್ತಿ ಮುಚ್ಚುತ್ತಿಲ್ಲ, ಎದುರಿಗೇ ನೋಡಿ ಸರಿ ಮಾಡಿ ಎಂದರು. ಮುದುಕಿ ಮಕ್ಕಳ ಶಾಲೆಗೆ ಈ ವರ್ಷ ಹೊಸದಾಗಿ ಬಂದ ಆಯಾ. ಗೇಟಿನಾಚೆಯೇ ತಿರುಗಿಬಿಡುತ್ತಿದ್ದ ಹಲ್ಲಕ್ಕನನ್ನು ಆಕೆ ಕಂಡವಳಲ್ಲ. ಹಲ್ಲಕ್ಕ ಸೆಟ್ಟನ್ನು ಕೈಗೆ ತೆಗೆದುಕೊಂಡು ಚೂರಿ ಬಿಸಿ ಮಾಡುತ್ತಿದ್ದಳು. ಆಯಾ ಮಾತಿಗೆ ಶುರುಮಾಡಿದಳು. ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು ಗಾಳಿಯಾಗಿ ಬರುತ್ತಿತ್ತು.

"ಬೇಗ ಮಾಡಮ್ಮಾ, ಎರಡು ಗಂಟೆ ಹೊತ್ತು ರಜಾ ಕೇಳ್ಕೊಂಡು ಬಂದಿದೀನಿ. ಶಾಲೆ ಬಿಟ್ಟ ಮೇಲೂ ನಂಗೆ ಎರಡು ಮಕ್ಕಳನ್ನ ಕಾಯೋ ಕೆಲಸ ಇದೆ."

"ನಿಮ್ಮ ಮೊಮ್ಮಕ್ಕಳಾ?"

"ಅಲ್ಲಮ್ಮಾ. ಯಾರದೋ, ಅಕ್ಕ ತಂಗಿ. ಮನೇಲಿ ಆರು ಗಂಟೆವರೆಗೆ ಯಾರೂ ಇರಲ್ವಂತೆ. ದಿನಾ ಹಿಂದಿನ ಮೆಟ್ಟಿಲ ಮೇಲೆ ಕೂತಿರ್ತಾವೆ. ಗಲಾಟೆ ಇಲ್ಲ, ಏನಿಲ್ಲ. ದೊಡ್ಡದು ಗಡಿಯಾರ ನೋಡ್ಕೊಂಡು ಪಾಠ ಹೇಳ್ಕೊಡತ್ತೆ. ಚಿಕ್ಕದು ಒಂದು ಮೇಣದ ಆನೆ ಇಟ್ಕೊಂಡಿದೆ, ಗುಲಾಬಿ ಬಣ್ಣದ್ದು, ಅದರ ಜೊತೆ ಪಿಸಪಿಸ ಅಂತ ಮಾತಾಡತ್ತೆ. ನಾನೇ ಒಂದೊಂದು ಬನ್ನು ಕೊಡ್ತೀನಿ. ಹೆತ್ತವಳಿಗೆ ಅದೇನು ಕೆಲಸವೋ! ಒಂದು ದಿನ, ಒಂದೇ ಒಂದು ದಿನ ಬಂದು ನೋಡ್ಬಾರ್ದಾ?"

ಚೂರಿ ದೀಪದ ಉರಿಯಲ್ಲೇ ಉಳಿಯಿತು. ಹಲ್ಲಕ್ಕನಿಗೆ ಎಲ್ಲವೂ ಒಟ್ಟಿಗೇ ಗೊತ್ತಾಯಿತು. ಅವು ನನ್ನ ಮಕ್ಕಳು ಎನ್ನಬೇಕಾದ ಹೊತ್ತು ಅದೇ. ಮೂರು ಶಬ್ದ ಸಾಕಿತ್ತು.

"ಪಾಪ" ಎಂದಳು. "ಕೆಲವರು ಹಾಗೇ ಇರ್ತಾರೆ."

ತನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ಅವಳು ಕೇಳಿಸಿಕೊಂಡಳು. ಕೈ ತೊಳೆಯುತ್ತಿದ್ದ ಡಾಕ್ಟರಿಗೆ ಅವಳ ಮಕ್ಕಳ ಗುರುತಿತ್ತು. ಅವರು ತಿರುಗಿ ನೋಡಲಿಲ್ಲ. ಕೆಂಪಗೆ ಕಾದಿದ್ದ ಚೂರಿ ಮೇಣವನ್ನು ಬೇಕಾದ್ದಕ್ಕಿಂತ ಹೆಚ್ಚು ಕರಗಿಸಿತು. ಮುಂದಿನ ಆರು ಹಲ್ಲು ವಾಲಿದವು. ಮತ್ತೆ ಕೂರಿಸಿ ತರುತ್ತೇನೆ ಎಂದು ತೊದಲಿ, ಡಬ್ಬಿ ಮುಚ್ಚಿಕೊಂಡು ಅವಳು ಹೊರಗೆ ಬಂದಳು.

ನಾಲ್ಕು ಗಂಟೆಗೆ ಶಾಲೆಯ ಹಿಂಭಾಗಕ್ಕೆ ಹೋದಳು. ಅಂಗಳ ಖಾಲಿಯಾಗಿತ್ತು. ಮೂರನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ಅವಳನ್ನು ಕಂಡದ್ದೇ ದೊಡ್ಡವಳು ಗಾಬರಿಯಿಂದ ಎದ್ದು ನಿಂತಳು. ಕದ್ದು ಸಿಕ್ಕಿಬಿದ್ದವರ ಹಾಗೆ.

"ಇನ್ನೂ ಆರಾಗಿಲ್ವಲ್ಲಮ್ಮ. ಕೆಲಸ ಮುಗೀತಾ?"

"ಆಟದ ಕ್ಲಾಸ್ ಎಲ್ಲಿ?"

ದೊಡ್ಡವಳು ಬಿಚ್ಚಿಟ್ಟಿದ್ದ ಪುಸ್ತಕವನ್ನು ಚೀಲಕ್ಕೆ ತುರುಕಿದಳು.

"ಯಾಕೆ ಪುಟ್ಟಿ ಸುಳ್ಳು ಹೇಳಿದೆ?"

ಉತ್ತರ ಕೊಟ್ಟವಳು ಚಿಕ್ಕವಳು. ಆಟದ ನಿಯಮ ವಿವರಿಸುವಷ್ಟು ಸರಳವಾಗಿ ಹೇಳಿದಳು: "ನಾವು ಪೀಡೆಗಳಲ್ವಾ ಅಮ್ಮ, ಆರು ಗಂಟೆವರೆಗೆ ಮನೆಗೆ ಬರ್ಬಾರ್ದು. ಅಕ್ಕ ಹೇಳಿದಾಳೆ. ಪೀಡೆ ಅಂದ್ರೆ ಏನಮ್ಮ?"

ಹಲ್ಲಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮುಖ ಎತ್ತಲು ಆಗಲಿಲ್ಲ. ಮಕ್ಕಳ ಚಪ್ಪಲಿ, ಚಿಕ್ಕವಳ ಮಂಡಿಯ ಗಾಯದ ಒಣಗಿದ ಗುರುತು ಕಂಡಿತು. ಆ ಗಾಯ ಯಾವಾಗ ಆಯಿತೆಂದು ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಆಯಾ ಕಾಗದದಲ್ಲಿ ಸುತ್ತಿದ ಎರಡು ಬನ್ನು ಹಿಡಿದು ಬಂದಳು. "ಓ, ಹಲ್ಲಿನಮ್ಮ! ನೀವೇನು ಇಲ್ಲಿ?"

"ಇವು ನನ್ನ ಮಕ್ಕಳು" ಎಂದಳು ಹಲ್ಲಕ್ಕ.

ಆಯಾ ಅವಳನ್ನು ನೋಡಿದಳು, ಮಕ್ಕಳನ್ನು ನೋಡಿದಳು. ಬೈದಿದ್ದರೆ ಹಲ್ಲಕ್ಕನಿಗೆ ಚೆನ್ನಾಗಿತ್ತು. ಆಯಾ ಬನ್ನುಗಳನ್ನು ಮಕ್ಕಳ ಕೈಗೆ ಕೊಟ್ಟು, "ತಿಂದ್ಕೊಂಡು ಹೋಗಿ" ಎಂದಷ್ಟೇ ಹೇಳಿ ಕಸಬರಿಕೆ ಎತ್ತಿಕೊಂಡು ಹೋದಳು.

ಮನೆಯ ದಾರಿಯಲ್ಲಿ ಹಲ್ಲಕ್ಕ ಬಾಯಿಬಿಟ್ಟಳು. "ಅವತ್ತು ನಾನು ಹಾಗೆ ಅಂದಿದ್ದು ತಪ್ಪು. ಬಾಯಿತಪ್ಪಿ ಬಂತು."

"ಆದ್ರೆ ನಿಜ ಅಲ್ವಾ?" ದೊಡ್ಡವಳು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಸರಿಯಿದೆಯೇ ಎಂದು ಕೇಳುವ ಹಾಗಿತ್ತು. "ನಾವಿದ್ರೆ ನಿನ್ನ ಕೆಲಸ ಆಗಲ್ಲ."

ಇಲ್ಲ ಎನ್ನಬಹುದಿತ್ತು. ಆದರೆ ಆ ದಿನದ ಮಟ್ಟಿಗೆ ಅವಳು ಆಡಿದ ಸುಳ್ಳು ಸಾಕಾಗಿತ್ತು. "ಆಗಲ್ಲ. ಅದು ನಿಜ. ನೀವು ಶಾಲೆಗೆ ಹೋದಾಗ ನಂಗೆ ಖುಷಿಯಾಯ್ತು, ಅದೂ ನಿಜ. ಆದ್ರೆ ನೀವು ಬೇಡ ಅಂತ ಒಂದು ದಿನಾನೂ ಅನ್ನಿಸಿಲ್ಲ ಮಗಳೇ."

"ಎರಡೂ ಹೇಗೆ ನಿಜ ಆಗತ್ತೆ?"

ದೊಡ್ಡವಳು ಸ್ವಲ್ಪ ಹೊತ್ತು ಉತ್ತರಕ್ಕೆ ಕಾದಳು. ಆಮೇಲೆ ತಂಗಿಯ ಚೀಲವನ್ನೂ ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದಳು.

ಗಂಡ ಬಂದಾಗ ಎಲ್ಲವನ್ನೂ ಹೇಳಿದಳು. "ಅಯ್ಯೋ, ಯಾವ ತಾಯಿ ಹಾಗನ್ನಲ್ಲ ಹೇಳು? ನನ್ನಮ್ಮ ನನ್ನನ್ನ ಮಾರಿಬಿಡ್ತೀನಿ ಅಂತಿದ್ಲು" ಎಂದು ಅವನು ನಕ್ಕ. ಅವನ ನಗುವಿನಿಂದ ಅವಳಿಗೆ ಸಮಾಧಾನ ಆಗಲಿಲ್ಲ. ಅಂದದ್ದಕ್ಕಿಂತ ಆಮೇಲಿನ ಮೂರು ವಾರ ಅವಳನ್ನು ಕೊರೆಯುತ್ತಿತ್ತು. ಅದಕ್ಕಿಂತಲೂ, ಕ್ಲಿನಿಕ್ಕಿನಲ್ಲಿ ಅಂದ ಆ 'ಕೆಲವರು'.

ಆಯಾಳ ಹಲ್ಲುಗಳನ್ನು ಅವಳು ಮೊದಲಿನಿಂದ ಕಟ್ಟಿದಳು. ಸೆಟ್ಟು ಆದ ದಿನ ಡಾಕ್ಟರ ಹತ್ತಿರ ತಾನೇ ಹೋಗಿ ನಿಂತಳು. ಈ ಸಲ ಬಾಯಿ ಸರಿಯಾಗಿ ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಇಬ್ಬರೇ ಆದಾಗ ಹಲ್ಲಕ್ಕ ಹೇಳಿದಳು: "ಅಮ್ಮಾ, ಅವತ್ತು ನೀವು ಮಾತಾಡ್ತಿದ್ದಾಗಲೇ ನಂಗೆ ಗೊತ್ತಾಗಿತ್ತು, ನನ್ನ ಮಕ್ಕಳೇ ಅಂತ. ಗೊತ್ತಿದ್ದೂ ಹಾಗಂದೆ."

"ಗೊತ್ತಾಯ್ತು ಬಿಡು. ಮೆಟ್ಟಿಲ ಹತ್ರ ನಿನ್ನ ಮುಖ ನೋಡಿದಾಗಲೇ" ಎಂದಳು ಆಯಾ. ಹೊಸ ಹಲ್ಲಿನ ಮೇಲೆ ನಾಲಿಗೆಯಾಡಿಸಿ ಮುಂದುವರಿಸಿದಳು: "ನಾನು ಮನೆಮನೆ ಪಾತ್ರೆ ತೊಳೀತಿದ್ದಾಗ ನನ್ನ ಮಗನ ಸೊಂಟಕ್ಕೆ ಬಟ್ಟೆ ಕಟ್ಟಿ, ಮಂಚದ ಕಾಲಿಗೆ ಬಿಗಿದು ಹೋಗ್ತಿದ್ದೆ. ಎರಡು ವರ್ಷ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ್ಮೇಲೆ ಅವನ ಅಳು ಕೇಳ್ತಿರಲಿಲ್ಲ. ಆ ನಾಲ್ಕು ಹೆಜ್ಜೆ ಓಡ್ತಿದ್ದೆ. ಅವನಿಗೀಗ ನಲವತ್ತು. ಇಲ್ಲೀವರೆಗೂ ಯಾರಿಗೂ ಹೇಳಿಲ್ಲ."

ಇದರಿಂದ ಹಲ್ಲಕ್ಕನ ಎದೆ ಹಗುರವಾಯಿತು ಎಂದರೆ ಸುಳ್ಳಾದೀತು. ಖಾಲಿ ಡಬ್ಬಿ ಮುಚ್ಚಿಕೊಂಡು ಆಯಾಳ ಜೊತೆ ಬೀದಿಯ ತಿರುವಿನವರೆಗೆ ನಡೆದಳು, ಅಷ್ಟೇ.

ಆಮೇಲೆ ಅವಳು ಮೂರೂವರೆಗೆ ದೀಪ ಆರಿಸಿ ಮಕ್ಕಳನ್ನು ಕರೆತರಲು ಹೋಗತೊಡಗಿದಳು. ಐದರವರೆಗೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಮೂವರು ಡಾಕ್ಟರುಗಳಲ್ಲಿ ಒಬ್ಬರು, ಇಷ್ಟು ತಡವಾದರೆ ಆಗದು ಎಂದು ಬೇರೆಯವರನ್ನು ನೋಡಿಕೊಂಡರು. ಚಿಕ್ಕವಳು ವಾರದೊಳಗೆ ಎಲ್ಲ ಮರೆತು ಮತ್ತೆ ಮನೆ ತಲೆಕೆಳಗು ಮಾಡಿದಳು. ಅವಳ ಕೂಗು ಕೇಳಿ ಹಲ್ಲಕ್ಕನಿಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತಿತ್ತು, ಜೊತೆಗೆ ಜೀವ ಬಂದ ಹಾಗೂ ಆಗುತ್ತಿತ್ತು. ದೊಡ್ಡವಳು ಮಾತ್ರ ಒಂದು ವರ್ಷಕ್ಕೂ ಮೇಲೆ ಕೆಲಸದ ಕೋಣೆಯ ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತು "ಬರಬಹುದಾ?" ಎಂದು ಕೇಳುತ್ತಿದ್ದಳು. "ಬಾ, ಕೇಳ್ಬೇಕಾ?" ಎಂದು ಹಲ್ಲಕ್ಕ ಪ್ರತಿ ಸಲ ಹೇಳುತ್ತಿದ್ದಳು. ಅವಳು ಪ್ರತಿ ಸಲ ಕೇಳುತ್ತಿದ್ದಳು.

ಈಗ ದೊಡ್ಡವಳಿಗೆ ಹದಿಮೂರು. ಈ ವರ್ಷ ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ, ಜಡೆ ಹೆಣೆದುಕೊಳ್ಳುತ್ತ ಅವಳು ಕನ್ನಡಿಯಲ್ಲೇ ತಾಯಿಯ ಮುಖ ನೋಡಿ ಕೇಳಿದಳು: "ಇವತ್ತಿಂದ ನಿಂಗೆ ಆರಾಮ, ಅಲ್ವಾ ಅಮ್ಮ?"

ಅವಳು ನಗುತ್ತಿದ್ದಳು. ಅದು ತಮಾಷೆಯೋ ಚುಚ್ಚುಮಾತೋ ಹಲ್ಲಕ್ಕನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

"ಹೌದು ಕಣೇ" ಎಂದಳು. "ಮಧ್ಯಾಹ್ನದವರೆಗೆ. ಆಮೇಲೆ ಗಡಿಯಾರ ನೋಡ್ತಾ ಕೂತಿರ್ತೀನಿ."

ಮಗಳು ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿ, ತಂಗಿಯನ್ನು ಕೂಗಿ ಕರೆದು, ಬಾಗಿಲು ದಾಟಿದಳು.