ಕೆರೆಯ ನಡುವೆ ಬಿಚ್ಚಿಸಿದ ಜಾಕೆಟ್ಟು

ನನ್ನ ತಂಗಿಯ ಮಗನ ಮೈಮೇಲಿದ್ದ ಜಾಕೆಟ್ಟನ್ನು ಕೆರೆಯ ನಡುವೆ ಬಿಚ್ಚಿಸಿದವನು ನಾನು. ಅದಕ್ಕಿಂತ ಹೇಸಿಗೆಯ ಸಂಗತಿ ಎಂದರೆ, ಮೂರು ವಾರ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಭಕ್ತ ಬಂಧುಗಳೇ, ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಡೊಂಬಿವಲಿಯ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತೇನೆ. ಚಂದ ಮಾಡಿ ಬರೆಯಲು ಬಾರದು, ನಡೆದದ್ದನ್ನು ಹೇಳುತ್ತೇನೆ.

2013ರ ಮೇ ರಜೆ. ತಂಗಿ ಸುಮತಿ ವಾಶಿಯಲ್ಲಿ ಆಫೀಸು ಕೆಲಸದಲ್ಲಿದ್ದಾಳೆ. ಫೋನು ಮಾಡಿ, "ಅಣ್ಣ, ಈ ಸಲ ನೀನೂ ಬಾ. ಎರಡು ದಿನ ನೀನು ಒಲೆ ಬಿಟ್ಟರೆ ಡೊಂಬಿವಲಿ ಉಪವಾಸ ಬೀಳುವುದಿಲ್ಲ" ಎಂದಳು. ಕಲ್ಯಾಣದಿಂದ ಬಸ್ಸಿನಲ್ಲಿ ಎರಡು ಗಂಟೆ. ಗುಡ್ಡಗಳ ನಡುವೆ ಒಂದು ಕೆರೆ, ದಡದಲ್ಲಿ ಸಾಲಾಗಿ ಬಟ್ಟೆಯ ಡೇರೆಗಳು. ಕುಟುಂಬ ಸಮೇತ ಬಂದು ಇರುವ ಕ್ಯಾಂಪಂತೆ.

ನನಗೆ ಕಾಲಿಟ್ಟಲ್ಲಿಂದಲೇ ತಾತ್ಸಾರ. ಮೊದಲು ನಾನಿದ್ದ ದಿವಾದ ಚಾಳಿನಲ್ಲಿ, ಆ ಸಾಲುಮನೆಯ ಒಂದೇ ಕೋಣೆಯಲ್ಲಿ, ಒಂಬತ್ತು ಜನ ನೆಲದ ಮೇಲೆ ಮಲಗುತ್ತಿದ್ದಾಗ ಅದಕ್ಕೆ ಬಡತನ ಎನ್ನುತ್ತಿದ್ದರು. ಇಲ್ಲಿ ನೆಲದ ಮೇಲೆ ಮಲಗಲು ಜನ ರಜೆ ಹಾಕಿ ಬಂದಿದ್ದರು. ಹೊಟ್ಟೆ ಬಂದ ಗಂಡಸರು ಹಗ್ಗದ ಸೇತುವೆಯ ಮೇಲೆ ತೆವಳುತ್ತಿದ್ದರು, ಹೆಂಡತಿಯರು ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಬೆಳಗಿನ ಉಪ್ಪಿಟ್ಟನ್ನು ಗೋಡೆಗೆ ಮೆತ್ತಬಹುದಿತ್ತು.

ದೋಣಿಯ ಹತ್ತಿರ ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಎಲ್ಲರಿಗೂ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ಟು ಕಟ್ಟುತ್ತಿದ್ದಳು. ದಡಕ್ಕೆ ಮರಳುವ ತನಕ ಯಾರೂ ಬಿಚ್ಚಬಾರದು ಎಂದಳು. ನಾನು ಸುಮತಿಯ ಗಂಡನಿಗೆ ಕೇಳುವಂತೆ, "ಕಡಲ ಕರೆಯಲ್ಲಿ ಹುಟ್ಟಿದವರಿಗೆ ಈ ಹೊಂಡದಲ್ಲಿ ಅಂಗಿ ತೊಡಿಸುತ್ತಾಳೆ ನೋಡಿ ಭಾವ" ಎಂದೆ.

ಅವರು ನಕ್ಕರು. "ನೀವು ಕಡಲಲ್ಲಿ ಎಷ್ಟು ದೂರ ಹೋದವರು ಭಾವ? ಮೊಣಕಾಲಿನ ತನಕವಾ?"

ಮಾತು ನಾಟಿತು, ಯಾಕೆಂದರೆ ನಿಜ. ನಮ್ಮ ಮನೆತನದಲ್ಲಿ ಎಲ್ಲರೂ ಸೌಟು ಹಿಡಿದವರೇ, ಹುಟ್ಟು ಹಿಡಿದವರು ಯಾರೂ ಇಲ್ಲ. ಆದರೂ ಘಟ್ಟದ ಮೇಲಿನ ಯಾವ ನೀರು ಕಂಡರೂ ನಾವು ಮೂಗು ಮುರಿಯುತ್ತೇವೆ, ಕಡಲನ್ನು ನಮ್ಮ ಅಪ್ಪನೇ ತೋಡಿದಂತೆ.

ಸುಮತಿಯ ಮಗ ನಿಹಾಲನಿಗೆ ಆಗ ಒಂಬತ್ತು ವರ್ಷ. ಇಬ್ಬರು ಕೂರುವ ಸಪೂರ ದೋಣಿಯಲ್ಲಿ ಅವನನ್ನು ಮುಂದೆ ಕೂರಿಸಿಕೊಂಡು ಹೊರಟೆ. ಗುಡ್ಡದ ತಿರುವು ದಾಟಿ ದಡ ಮರೆಯಾದ ಮೇಲೆ ನನ್ನ ಜಾಕೆಟ್ಟು ಬಿಚ್ಚಿ ಕಾಲಡಿ ಹಾಕಿದೆ. "ನೀನೂ ಬಿಚ್ಚು" ಎಂದೆ.

"ಮಾಮಾ, ದೀದಿ ಬೋಲೀ ನಹೀ ನಿಕಾಲ್‌ನೇಕಾ." ಸೀಟಿಯ ಅಕ್ಕ ಬಿಚ್ಚಬಾರದು ಎಂದಿದ್ದಾಳೆ, ಎಂದು. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿ.

"ದೀದಿಗೆ ಏನು ಗೊತ್ತು? ನೀನು ಕಡಲೂರಿನ ಹುಡುಗ. ಬಿಚ್ಚು."

ಬಿಚ್ಚಿದ. ಊರಿನ ಮೀನುಗಾರರು ನಿಂತು ಹುಟ್ಟು ಹಾಕುವುದನ್ನು ತೋರಿಸುತ್ತೇನೆಂದು ನಾನು ಎದ್ದು ನಿಂತೆ. ದೋಣಿ ಮಗುಚಿತು.

ನೀರಿನಲ್ಲಿ ನನ್ನ ಕೈಗೆ ಸಿಕ್ಕಿದ್ದು ನಿಹಾಲನ ಪುಟ್ಟ ಜಾಕೆಟ್ಟು. ಅದನ್ನು ಎದೆಗೆ ಅವಚಿಕೊಂಡು ನಾನು ತೇಲಿದೆ. ಹುಡುಗ ಮುಳುಗಿದ. ನನ್ನ ಕೂಗು ಕೇಳಿ ಬೇರೆ ದೋಣಿಯಲ್ಲಿ ಬಂದವಳು ನಾನು ಹೀಯಾಳಿಸಿದ ಅದೇ ಹುಡುಗಿ. ನೀರಿಗೆ ಹಾರಿ ಅವನನ್ನು ಮೇಲಕ್ಕೆ ತಂದು, ಎದೆ ಒತ್ತಿ ಉಸಿರು ಬರಿಸಿದಳು. ಕಣ್ಣು ಮಾತ್ರ ಬಿಡಲಿಲ್ಲ.

ಕ್ಯಾಂಪಿನ ಜೀಪಿನಲ್ಲಿ ಕಲ್ಯಾಣದ ಆಸ್ಪತ್ರೆಗೆ ತಂದೆವು. ಐಸಿಯು ಬಾಗಿಲಲ್ಲಿ ಸುಮತಿ ಒಂದೇ ಮಾತು ಕೇಳಿದಳು: "ಜಾಕೆಟ್ಟು ಹೇಗೆ ಬಿಚ್ಚಿತು ಅಣ್ಣ?"

"ಅವನೇ ಬಿಚ್ಚಿದ. ಬೇಡ ಎಂದೆ, ಕೇಳಲಿಲ್ಲ" ಎಂದೆ.

ಭಾವ ಜೊತೆಗೆ ಬಂದಿದ್ದ ಆ ಹುಡುಗಿಯ ಮೇಲೆ ಹರಿಹಾಯ್ದರು, ಮಗುವೂ ಬಿಚ್ಚುವಷ್ಟು ಸಡಿಲವಾಗಿ ಕಟ್ಟಿದ್ದಳೆಂದು. ಅವಳು ಅಳುತ್ತ ನಿಂತಿದ್ದಳು. ನಾನು ಗೋಡೆಯ ಮೇಲಿನ ಬೋರ್ಡು ಓದುತ್ತಿದ್ದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಟಿಟ್ವಾಳಾದ ಗಣಪತಿಗೆ ಹರಕೆ ಹೊತ್ತೆ. ಮಗು ಕಣ್ಣು ಬಿಟ್ಟರೆ ಕಲ್ಯಾಣದಿಂದ ಬರಿಗಾಲಲ್ಲಿ ನಡೆದು ಬರುತ್ತೇನೆ, ಇಪ್ಪತ್ತೊಂದು ಕಾಯಿ ಒಡೆಸುತ್ತೇನೆ ಎಂದೆ. ವಾಶಿಯ ಮಾರ್ಕೆಟ್ಟಿನಲ್ಲಿ ಟೊಮೆಟೊ ಚೌಕಾಸಿ ಮಾಡುವವನ ಹಾಗೆ ದೇವರೆದುರು ಕೂತಿದ್ದೆ. ಕಾಲು ಕೊಡುತ್ತೇನೆ, ಕಾಯಿ ಕೊಡುತ್ತೇನೆ, ನಿಜ ಮಾತ್ರ ಕೊಡುವುದಿಲ್ಲ. ಅಂಥ ನೀಚನ ಮೊರೆಯನ್ನೂ ಅವನು ಕೇಳಿದ. ಮೂರನೆಯ ಬೆಳಿಗ್ಗೆ ನಿಹಾಲ ಕಣ್ಣು ಬಿಟ್ಟು ನೀರು ಕೇಳಿದ. ಡಾಕ್ಟರು, "ಇಷ್ಟು ಬೇಗ ನಾವೂ ಎಣಿಸಿರಲಿಲ್ಲ" ಎಂದರು.

ವಾರ್ಡಿಗೆ ತಂದ ಮೇಲೆ ಸುಮತಿ ಅವನ ತಲೆ ಸವರುತ್ತ, "ಮಾಮ ಬೇಡ ಎಂದರೂ ಯಾಕೆ ಬಿಚ್ಚಿದೆ ಮಗಾ?" ಎಂದಳು. ಹುಡುಗ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಿದೆ. "ಸಾರಿ ಮಮ್ಮಿ" ಎಂದ.

ಅವಳು ಚಾ ತರಲು ಹೋದಾಗ ನನ್ನ ಕೈ ಎಳೆದು ಪಿಸುಗುಟ್ಟಿದ: "ಮಾಮಾ, ಮೈನೇ ಬತಾಯಾ ನಹೀ." ನಾನು ಹೇಳಲಿಲ್ಲ ಮಾಮ, ಎಂದು. ನನ್ನನ್ನು ಕಾಪಾಡಿದ ಖುಷಿ ಅವನ ಮುಖದಲ್ಲಿತ್ತು. ನನ್ನ ಬಾಯಿ ಆಗಲೂ ತೆರೆಯಲಿಲ್ಲ.

ಸಂಕಷ್ಟಿಯ ದಿನ ಹರಕೆಯಂತೆ ನಡೆದೆ. ಅಂಗಾಲಿನಲ್ಲಿ ಬೊಬ್ಬೆ ಎದ್ದವು, ಒಳಗಿನದು ಒಂದಿಷ್ಟೂ ಹಗುರವಾಗಲಿಲ್ಲ. ಗರ್ಭಗುಡಿಯ ಮುಂದೆ ಕೈ ಮುಗಿದು ನಿಂತರೆ ಧನ್ಯವಾದದ ಒಂದು ಮಾತೂ ಹೊರಡದು. ಹಿಂದಿನಿಂದ ಒಬ್ಬ ಮರಾಠಿ ಮುದುಕಿ ಬೆನ್ನಿಗೆ ತಿವಿದಳು. "ಲವಕರ್ ಬೋಲಾ ನಾ ದಾದಾ, ಮಾಗೇ ಲೋಕ ಥಾಂಬಲೇತ್." ಬೇಗ ಹೇಳಪ್ಪ, ಹಿಂದೆ ಜನ ಕಾದಿದ್ದಾರೆ, ಎಂದು.

ಅವಳು ಹೇಳಿದ್ದು ಸಾಲಿನ ಮಾತೇ. ನನಗೆ ಮಾತ್ರ ಅಪ್ಪಣೆಯಾಯಿತು. "ಸ್ವಾಮಿ, ಮಗುವನ್ನು ನೀನು ಉಳಿಸಿಕೊಟ್ಟೆ. ಈಗ ನನ್ನ ಬಾಯಿ ಬಿಡಿಸು" ಎಂದು ಬೇಡಿದೆ. ದೇವರು ಜೀವ ಉಳಿಸುತ್ತಾನೆ ಎಂದು ಮೊದಲೂ ನಂಬಿದ್ದೆ. ನನ್ನಂಥವನ ನಾಲಗೆಯನ್ನೂ ತಿದ್ದುತ್ತಾನೆ ಎಂದು ತಿಳಿದದ್ದು ಆ ದಿನ. ಉಸಿರಿರುವ ತನಕ ಅವನ ಋಣಿ.

ಮರಳುವಾಗ ಡೊಂಬಿವಲಿಯಲ್ಲಿ ಇಳಿಯಲಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ನೇರ ವಾಶಿಗೆ ಹೋದೆ. ಸುಮತಿ ಬಾಗಿಲು ತೆರೆದು ನನ್ನ ಕಾಲು ನೋಡಿದಳು. "ಏನಣ್ಣ ಇದು ಅವತಾರ? ಒಳಗೆ ಬಾ." ಭಾವ ಸೋಫಾದ ಮೇಲಿದ್ದರು, ನಿಹಾಲ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದ. ನಾನು ಕೂರಲಿಲ್ಲ.

"ಸುಮತಿ, ಜಾಕೆಟ್ಟು ಬಿಚ್ಚು ಎಂದವನು ನಾನು. ಇವನು ಬೇಡ ಎಂದ, ನಾನು ಬಿಚ್ಚಿಸಿದೆ. ನೀರಲ್ಲಿ ಅದನ್ನು ಹಿಡಿದುಕೊಂಡು ಉಳಿದವನೂ ನಾನೇ. ಭಾವ, ಆ ಹುಡುಗಿಯ ತಪ್ಪು ಏನೂ ಇಲ್ಲ. ಅವಳಿಗೆ ಈಗಲೇ ಫೋನು ಮಾಡಿ, ನಾನೇ ಮಾತಾಡುತ್ತೇನೆ."

ನಾನು ನಿಹಾಲನ ಮುಂದೆ ನೆಲದ ಮೇಲೆ ಕೂತೆ.

"ಮಗಾ, ತಪ್ಪು ನನ್ನದು. ಅದನ್ನು ನೀನು ಹೊತ್ತೆ. ನನ್ನನ್ನು ಕ್ಷಮಿಸು" ಎಂದೆ, ಎಲ್ಲರಿಗೂ ಕೇಳುವಂತೆ.